ಸುಟ್ಟ ಬತ್ತಿ

ಯಾವುದೇ ವಸ್ತುವಿನ ಯೋಗ್ಯತೆ ತಿಳಿಯಬೇಕಾದರೆ ಅದನ್ನು ಅಂಗಡಿಯ ಗಾಜಿನ ಹಿಂದೆ ನೋಡಿದರೆ ಸಾಲದು, ತೊಳೆಯುವ ಹೊತ್ತಿನಲ್ಲಿ ನೋಡಬೇಕು ಎಂಬುದು ನನ್ನ ಬಹಳ ದಿನದ ನಂಬಿಕೆ. ಬಣ್ಣಕ್ಕೆ ಮರುಳಾಗಿ ಮಿಕ್ಸಿ ತಂದವರು ಅದರ ಬ್ಲೇಡಿನ ಬುಡದಲ್ಲಿ ಸೇರಿಕೊಂಡ ಚಟ್ನಿ ಕೆರೆಯುವಾಗ ಪಡುವ ಪಾಡು ಮನೆಮನೆಯ ಕಥೆ. ನಾನು ಹುಡುಗನಾಗಿದ್ದಾಗ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಲಾಟೀನಿನ ಗಾಜು ಒರೆಸುವುದು ನನ್ನ ಪಾಲಿನ ಕೆಲಸ. ಒಲೆಯ ಬೂದಿ, ಹಳೇ ಪಂಚೆಯ ಚೂರು ಇದ್ದರೆ ಆಯಿತು. ಅಕ್ಕನ ಪಾಲಿಗೆ ಪಂಪ್ ಸ್ಟವ್. ನೀಲಿಯಾಗಿ ಭುಸುಗುಟ್ಟುತ್ತಿದ್ದ ಉರಿ ಇದ್ದಕ್ಕಿದ್ದಂತೆ ಕೆಂಪಾಗಿ ಪಾತ್ರೆಯ ತಳಕ್ಕೆ ಮಸಿ ಹಿಡಿಸತೊಡಗಿದರೆ ನಿಪ್ಪಲ್ಲಿಗೆ ಕಿಟ್ಟ ಕಟ್ಟಿದೆ ಎಂದು ಲೆಕ್ಕ. ಅಕ್ಕ ಪಿನ್ನು ಹಿಡಿದು ಕೂರುತ್ತಿದ್ದಳು. ಮುಂದೆ 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದೆನಾದರೂ, ದಹನದ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧ ಆ ಲಾಟೀನಿನ ಗಾಜು, ಆ ಸ್ಟವ್ವಿನ ಪಿನ್ನುಗಳಿಂದ ಬಂದದ್ದು.

ಇಷ್ಟು ಪೀಠಿಕೆ ಹಾಕಲು ಕಾರಣವಿದೆ. ನಾನೀಗ ಬರೆಯಹೊರಟಿರುವುದು ಎಲೆಕ್ಟ್ರಾನಿಕ್ ಸಿಗರೇಟಿನ ಹೊಟ್ಟೆಯೊಳಗಿರುವ ಅಟಾಮೈಸರ್ ಎಂಬ ಭಾಗವನ್ನು ತೊಳೆಯುವ ಬಗ್ಗೆ. ವಿದ್ಯಾರ್ಥಿಗಳೂ ಅವರ ತಂದೆತಾಯಿಯರೂ ಓದುವ ಪುಟದಲ್ಲಿ ಇದೆಂಥ ವಿಷಯ ಎಂದು ಹುಬ್ಬೇರಿಸುವವರು ಸ್ವಲ್ಪ ತಾಳಿಕೊಳ್ಳಬೇಕು. ನಮ್ಮ ದೇಶದಲ್ಲಿ ಇದನ್ನು ತಯಾರಿಸುವುದು, ಮಾರುವುದು, ಹೊರಗಿನಿಂದ ತರಿಸುವುದು ಅಪರಾಧ. ನಾನು ಇದನ್ನು ಕಂಡದ್ದು ಇಂಗ್ಲೆಂಡಿನಲ್ಲಿ, ಅಕ್ಕನ ಮಗನ ಅಡುಗೆಮನೆಯ ಮೇಜಿನ ಮೇಲೆ.

2023ರ ಬೇಸಿಗೆಯಲ್ಲಿ ಎರಡು ತಿಂಗಳ ಮಟ್ಟಿಗೆ ಅವನ ಮನೆಗೆ ಹೊರಟಿದ್ದೆ. ಅವನಿರುವುದು ಲೆಸ್ಟರ್ ಎಂಬ ಊರಿನಲ್ಲಿ. ಹೊರಡುವ ಹಿಂದಿನ ದಿನ ಅಕ್ಕ ಹಪ್ಪಳ, ಮಿಡಿ ಉಪ್ಪಿನಕಾಯಿ, ಅಪ್ಪೆಹುಳಿಯ ಪುಡಿ ಎಲ್ಲ ಕಟ್ಟಿಕೊಟ್ಟ ಮೇಲೆ ನನ್ನನ್ನು ಜಗಲಿಯ ತುದಿಗೆ ಕರೆದಳು. "ಅವನು ಇನ್ನೂ ಸೇದ್ತಾನೋ ಬಿಟ್ಟಿದಾನೋ ನೋಡ್ಕೊಂಡು ಬಾ. ಫೋನಲ್ಲಿ ಕೇಳಿದ್ರೆ ಬಿಟ್ಟೆ ಅಂತಾನೆ. ನೀನು ಕೇಳೋಕೆ ಹೋಗ್ಬೇಡ, ನೋಡು" ಎಂದಳು. ಅವಳು ಹಾಗೆ ಹೇಳುವುದಕ್ಕೆ ಹಿನ್ನೆಲೆಯಿತ್ತು. ನಮ್ಮ ಭಾವ ಬೀಡಿ ಸೇದುತ್ತಿದ್ದರು. ಕೊನೆಯ ಎರಡು ವರ್ಷ ಅವರು ಮಲಗಿ ನಿದ್ದೆ ಮಾಡಿದ್ದನ್ನು ನಾವ್ಯಾರೂ ನೋಡಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ದಿಂಬು ಆನಿಸಿಕೊಂಡು ಕೂತೇ ಬೆಳಗು ಮಾಡುತ್ತಿದ್ದರು, ಪಕ್ಕದಲ್ಲಿ ಅಕ್ಕನೂ ಕೂತಿರುತ್ತಿದ್ದಳು. ಅವರ ಹನ್ನೊಂದನೆಯ ದಿನ ಮಗನ ಶರಟಿನ ಜೇಬಿನಲ್ಲಿ ಸಿಗರೇಟು ಪ್ಯಾಕೆಟ್ಟು ಕಂಡವಳು ಏನೂ ಮಾತಾಡದೆ ಒಳಗೆ ಹೋಗಿದ್ದಳು. ಆ ಮೌನ ಹದಿನಾಲ್ಕು ವರ್ಷದಿಂದ ಅವರಿಬ್ಬರ ನಡುವೆ ಹಾಗೇ ಉಳಿದಿತ್ತು.

ಹೀಗೆ ಗೂಢಚಾರಿಕೆಯ ಹೊರೆಯನ್ನೂ ಹೊತ್ತು ವಿಮಾನ ಹತ್ತಿದವನಿಗೆ ಹೆಚ್ಚು ಪತ್ತೇದಾರಿ ಮಾಡುವ ಕಷ್ಟ ಬರಲಿಲ್ಲ. ಹೋದ ಮೊದಲ ಭಾನುವಾರ ಬೆಳಿಗ್ಗೆ ಕಾಫಿಗೆಂದು ಕೆಳಗಿಳಿದು ಬಂದರೆ ಅಳಿಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು ಕೂತಿದ್ದ. ಒಂದು ಬಟ್ಟಲಲ್ಲಿ ಬಿಸಿನೀರು, ಪಾತ್ರೆ ತೊಳೆಯುವ ಸೋಪಿನ ದ್ರಾವಣ, ಹತ್ತಿಯ ಕಟ್ಟು, ಚಿಮುಟ, ಪುಟ್ಟ ಕತ್ತರಿ, ಹಳೆಯ ಹಲ್ಲುಜ್ಜುವ ಬ್ರಷ್ಷು. ಕೈಗೆ ತೆಳುವಾದ ರಬ್ಬರ್ ಗ್ಲೌಸು. ನಮ್ಮೂರಿನ ವಾಚ್ ರಿಪೇರಿಯವರ ಠೀವಿ. ಅವನ ಹೆಂಡತಿ ಆಸ್ಪತ್ರೆಯ ಬೆಳಗಿನ ಪಾಳಿಗೆ ಹೋಗಿದ್ದಳು, ಮಗಳು ಇನ್ನೂ ಎದ್ದಿರಲಿಲ್ಲ. ನನ್ನನ್ನು ಕಂಡು ಒಂದು ಗಳಿಗೆ ಕೈ ತಡೆಯಿತು. ಆಮೇಲೆ ನಕ್ಕು, "ಬನ್ನಿ ಮಾವ, ಕೂತ್ಕೊಳಿ. ಹೆಂಗೂ ಅಮ್ಮ ನೋಡ್ಕೊಂಡು ಬಾ ಅಂದಿರ್ತಾಳೆ. ಸರಿಯಾಗೇ ನೋಡಿ" ಎಂದ.

ನೋಡಿದೆ. ಕೆಳಗೆ ಬ್ಯಾಟರಿ ಇರುವ ಲೋಹದ ಡಬ್ಬಿ. ಅದರ ತಲೆಯ ಮೇಲೆ ತಿರುಪಿ ಕೂರಿಸುವ, ಹೆಬ್ಬೆರಳ ಗಾತ್ರದ ಇನ್ನೊಂದು ಭಾಗ, ಅದೇ ಅಟಾಮೈಸರ್. ಹೆಸರು ಕೇಳಿ ಪರಮಾಣು ಬಾಂಬು ನೆನಪಾದರೆ ತಪ್ಪಲ್ಲ, ಆದರೆ ಇವೆರಡಕ್ಕೂ ನೆಂಟಸ್ತಿಕೆಯಿಲ್ಲ. ದ್ರವವನ್ನು ಅತಿ ಸಣ್ಣ ಹನಿಗಳಾಗಿ ಒಡೆಯುವ ಸಾಧನಗಳಿಗೆಲ್ಲ ಆ ಭಾಷೆಯಲ್ಲಿ ಇದೇ ಹೆಸರು. ಸೆಂಟಿನ ಬಾಟಲಿಯ ಬಾಯಿಯಲ್ಲಿರುವುದೂ ಅಟಾಮೈಸರೇ. ಇಲ್ಲಿ ವ್ಯತ್ಯಾಸವೆಂದರೆ ಗಾಳಿಯ ಒತ್ತಡದ ಬದಲು ಶಾಖ ಆ ಕೆಲಸ ಮಾಡುತ್ತದೆ. ಸುತ್ತ ಗಾಜಿನ ಪುಟ್ಟ ತೊಟ್ಟಿ, ಅದರಲ್ಲಿ ದ್ರವ. ನಡುವೆ ಸ್ಪ್ರಿಂಗಿನಂತೆ ಸುತ್ತಿದ ತಂತಿ, ತಂತಿಯ ಸುರುಳಿಯೊಳಗೆ ತೂರಿಸಿದ ಹತ್ತಿ. ಹತ್ತಿಯ ಎರಡು ತುದಿ ದ್ರವದಲ್ಲಿ ಅದ್ದಿರುತ್ತವೆ.

"ಇದು ದೇವರ ಮನೆ ದೀಪ ಅಲ್ಲವೇನೋ!" ಎಂದೆ. ಅಲ್ಲದೆ ಮತ್ತೇನು? ಬತ್ತಿಯ ಎಳೆಗಳ ಸಣ್ಣ ಸಂದುಗಳಲ್ಲಿ ಎಣ್ಣೆ ತಾನಾಗಿ ಮೇಲೇರುವಂತೆ ಇಲ್ಲಿ ದ್ರವ ಏರುತ್ತದೆ. ಬೆಂಕಿಯ ಬದಲು ಇಸ್ತ್ರಿಪೆಟ್ಟಿಗೆಯ, ಕರೆಂಟು ಒಲೆಯ ಜಾತಿಗೇ ಸೇರಿದ ತಂತಿ. ನಿಕಲ್ ಮತ್ತು ಕ್ರೋಮಿಯಂ ಬೆರೆಸಿದ ನಿಕ್ರೋಮ್, ಇಲ್ಲವೇ ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆಸಿದ ಕಾಂತಲ್. ಅಳಿಯನ ತಂತಿಯ ರೋಧ 1.2 ಓಮ್, ಬ್ಯಾಟರಿ 3.7 ವೋಲ್ಟ್. ಹತ್ತನೆಯ ತರಗತಿಯ ಮಕ್ಕಳು ಇಷ್ಟರಲ್ಲಿ ಲೆಕ್ಕ ಹಾಕಿರುತ್ತಾರೆ. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೆ ಹೆಚ್ಚುಕಡಿಮೆ 11 ವ್ಯಾಟ್. ಒಂದು ಎಲ್‌ಇಡಿ ಬಲ್ಬು ತಿನ್ನುವಷ್ಟೇ ವಿದ್ಯುತ್ತು, ಆದರೆ ಅಷ್ಟೂ ಶಾಖವಾಗುವುದು ಕಡಲೆಬೀಜಕ್ಕಿಂತ ಚಿಕ್ಕ ಸುರುಳಿಯಲ್ಲಿ.

ದ್ರವದಲ್ಲಿ ಇರುವುದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳ ಮತ್ತು ನಿಕೋಟಿನ್. ಮೊದಲನೆಯದು 188 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎರಡನೆಯದು 290 ಡಿಗ್ರಿಯಲ್ಲಿ ಕುದಿಯುತ್ತದೆ. ಗುಂಡಿ ಒತ್ತಿ ಉಸಿರೆಳೆದರೆ ದ್ರವ ಆವಿಯಾಗಿ, ಕೂಡಲೇ ತಣಿದು ಮಂಜಿನಂತೆ ಬಾಯಿಗೆ ಬರುತ್ತದೆ. ಇದನ್ನು ಹೊಗೆ ಎನ್ನುವುದು ಸರಿಯಲ್ಲ, ಏಕೆಂದರೆ ಏನೂ ಉರಿದಿಲ್ಲ. ಹಾಗೆಂದು ಬರೀ ನೀರಾವಿ ಎನ್ನುವುದಂತೂ ಸುಳ್ಳು.

ಈ ಯೋಚನೆ ಹೊಸದೇನಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಹರ್ಬರ್ಟ್ ಗಿಲ್ಬರ್ಟ್ ಎಂಬಾತ ತಂಬಾಕೂ ಹೊಗೆಯೂ ಇಲ್ಲದ ಸಿಗರೇಟಿಗೆ 1965ರಲ್ಲೇ ಪೇಟೆಂಟು ಪಡೆದಿದ್ದ. ಅದು ಮಾರುಕಟ್ಟೆಗೆ ಬರಲಿಲ್ಲ. ಈಗಿನದರ ಮೂಲಪುರುಷ ಚೀನಾದ ಔಷಧ ತಜ್ಞ ಹಾನ್ ಲಿಕ್. ಅವನು 2003ರಲ್ಲಿ ರೂಪಿಸಿದ ಸಾಧನದಲ್ಲಿ ದ್ರವವನ್ನು ಒಡೆಯುತ್ತಿದ್ದುದು ಬಿಸಿ ತಂತಿಯಲ್ಲ, ಕಿವಿಗೆ ಕೇಳದ ಶಬ್ದದ ಕಂಪನ. ಬಿಸಿ ತಂತಿ ಆಮೇಲೆ ಬಳಕೆಗೆ ಬಂತು, ತಂತಿಯ ಜೊತೆ ಈ ತೊಳೆಯುವ ಕೆಲಸವೂ ಬಂತು.

ತೊಳೆಯುವುದಕ್ಕೇ ಬರುತ್ತೇನೆ. ಮೊದಲು ಬ್ಯಾಟರಿ ಹೊರಕ್ಕೆ. ಅದರ ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ ಎಲ್ಲಾದರೂ ಹರಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದ. ಹರಿದಿದ್ದರೆ ಬಳಸುವಂತಿಲ್ಲ. ಬಿಡಿ ಬ್ಯಾಟರಿಯನ್ನು ಚಿಲ್ಲರೆ ಕಾಸು, ಬೀಗದ ಕೈಗಳ ಜೊತೆ ಜೇಬಿಗೆ ಹಾಕಿಕೊಂಡು ಶಾರ್ಟ್ ಆಗಿ ತೊಡೆ ಸುಟ್ಟುಕೊಂಡವರಿದ್ದಾರಂತೆ. ಆಮೇಲೆ ತೊಟ್ಟಿಯಲ್ಲಿ ಉಳಿದ ದ್ರವವನ್ನು ಕಾಗದಕ್ಕೆ ಸುರಿದು, ಆ ಕಾಗದವನ್ನು ಚೀಲದಲ್ಲಿ ಗಂಟುಕಟ್ಟಿದ. ಕೈಗೆ ಗ್ಲೌಸು ಏಕೆಂದರೆ ನಿಕೋಟಿನ್ ಚರ್ಮದ ಮೂಲಕವೂ ಇಳಿಯುತ್ತದೆ. ಒದ್ದೆ ತಂಬಾಕಿನ ಎಲೆ ಕೀಳುವವರಿಗೆ ತಲೆಸುತ್ತು, ವಾಂತಿ ಬರುವುದು ಇದರಿಂದಲೇ. ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದ್ರವದ ಬಾಟಲಿಯನ್ನು ಅವನು ಔಷಧಿಯ ಹಾಗೆ ಎತ್ತರದ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದ. ಪುಟ್ಟ ಮಕ್ಕಳು ಕುಡಿದರೆ ಅದು ವಿಷವೇ.

ಗಾಜು, ಮೂತಿ, ಲೋಹದ ಉಂಗುರಗಳೆಲ್ಲ ಬಿಸಿನೀರಿಗೆ ಬಿದ್ದವು. ರಬ್ಬರಿನ ಸಣ್ಣ ವಾಷರುಗಳನ್ನು ಎಣಿಸಿ ಬೇರೆಯಾಗಿಟ್ಟ. ಒಂದು ಕಳೆದರೂ ಸೋರುತ್ತದೆ, ನಮ್ಮ ಕುಕ್ಕರಿನ ಗ್ಯಾಸ್ಕೆಟ್ಟಿನ ಹಾಗೆ. ಇದೆಲ್ಲ ಸುಲಭದ ಕೆಲಸ. ಕಷ್ಟವಿರುವುದು ಸುರುಳಿಯಲ್ಲಿ.

ಚಿಮುಟದಿಂದ ಹತ್ತಿಯನ್ನು ಎಳೆದ. ಎರಡೂ ತುದಿ ಚಹಾ ಸೋಸಿದ ಬಟ್ಟೆಯ ಬಣ್ಣಕ್ಕೆ ತಿರುಗಿದ್ದವು. ನಡುಭಾಗ, ತಂತಿ ತಬ್ಬಿಕೊಂಡಿದ್ದ ಜಾಗ, ಕರಕಲು. ಮುಟ್ಟಿದರೆ ಅಂಟು. ಹಿಂದಿನ ಭಾನುವಾರ ಹಾಕಿದಾಗ ಬೆಳ್ಳಗಿತ್ತಂತೆ. ನಾನು ಮೂಗಿನ ಹತ್ತಿರ ತಂದೆ. ಮೊದಲು ಮಾವಿನಹಣ್ಣಿನ ಮಿಠಾಯಿಯ ವಾಸನೆ, ಅದರ ಹಿಂದೆಯೇ ಬಾಣಲೆಯಲ್ಲಿ ಎಣ್ಣೆ ಕಾದು ಹೊಗೆಯೆದ್ದಾಗ ಬರುವ ಘಾಟು. ಘಾಟಿಗೆ ಕಾರಣವಿದೆ. ಅಡುಗೆ ಎಣ್ಣೆ ಅತಿಯಾಗಿ ಕಾದಾಗ ಅದರೊಳಗಿನ ಗ್ಲಿಸರಿನ್ ಒಡೆದು ಅಕ್ರೋಲಿನ್ ಎಂಬ ಅನಿಲವಾಗುತ್ತದೆ, ಕಣ್ಣು ಗಂಟಲು ಉರಿಸುವುದು ಅದೇ. ಇಲ್ಲಿಯೂ ಗ್ಲಿಸರಿನ್ನೇ ಇರುವುದು.

ತರಗತಿಯಲ್ಲಿ ನಾನು ಪ್ರತಿವರ್ಷ ಮಾಡಿಸುತ್ತಿದ್ದ ಒಂದು ಪ್ರಯೋಗವಿದೆ. ಕಾಗದದ ಲೋಟದಲ್ಲಿ ನೀರು ತುಂಬಿ ಮೇಣದಬತ್ತಿಯ ಮೇಲೆ ಹಿಡಿದರೆ ನೀರು ಬಿಸಿಯಾಗುತ್ತದೆ, ಕಾಗದ ಸುಡುವುದಿಲ್ಲ. ನೀರಿರುವ ತನಕ ಶಾಖವನ್ನೆಲ್ಲ ನೀರೇ ನುಂಗುತ್ತದೆ. ಅಟಾಮೈಸರಿನ ಹತ್ತಿಯೂ ಅಷ್ಟೆ. ಒದ್ದೆಯಾಗಿರುವ ತನಕ ಕ್ಷೇಮ. ತೊಟ್ಟಿಯಲ್ಲಿ ದ್ರವ ಮುಗಿದಾಗ, ಹತ್ತಿಯನ್ನು ಬಿಗಿಯಾಗಿ ತುರುಕಿದಾಗ, ಬಿಡುವಿಲ್ಲದೆ ಎಳೆದಾಗ ಬತ್ತಿ ಒಣಗುತ್ತದೆ. ಮರುಕ್ಷಣವೇ ಶಾಖ ಏರಿ, ಹತ್ತಿಯೂ ದ್ರವವೂ ಸೀಯುತ್ತವೆ. ಎಣ್ಣೆ ಆರಿದ ದೀಪದ ಬತ್ತಿಯ ವಾಸನೆ ಗೊತ್ತಿರುವವರಿಗೆ ಅದು ಗೊತ್ತು. ಹೊಸ ಹತ್ತಿ ಹಾಕಿದ ಮೇಲೆ ಅಳಿಯ ಅದರ ಮೇಲೆ ನಾಲ್ಕು ಹನಿ ಬಿಟ್ಟು ಹತ್ತು ನಿಮಿಷ ಸುಮ್ಮನೆ ಕೂರುತ್ತಿದ್ದುದು ಇದಕ್ಕಾಗಿ.

ಅಂಟಿಗೆ ಇನ್ನೊಂದು ಕಾರಣ, ಸಿಹಿ. ಮಕ್ಕಳ ಮಿಠಾಯಿಯಂತೆ ರುಚಿಸಲೆಂದು ದ್ರವಕ್ಕೆ ಸುಕ್ರಲೋಸ್ ಎಂಬ ಸಿಹಿ ಬೆರೆಸುತ್ತಾರೆ. ಉಳಿದದ್ದು ಆವಿಯಾದರೂ ಇದು ಪೂರ್ತಿ ಆವಿಯಾಗದೆ ತಂತಿಯ ಮೇಲೆ ಕೂತು, ತಳ ಹಿಡಿದ ಬೆಲ್ಲದ ಪಾಕದಂತೆ ಕಪ್ಪಾಗುತ್ತದೆ. ಸಿಹಿ ಹೆಚ್ಚಾದಷ್ಟೂ ಕಿಟ್ಟ ಬೇಗ. ಅಳಿಯ ಹತ್ತಿಯಿಲ್ಲದ ಬರೀ ಸುರುಳಿಯನ್ನು ಬ್ಯಾಟರಿಗೆ ಕೂರಿಸಿ, ಗುಂಡಿಯನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿದ. ತಂತಿ ಮಂಕಾಗಿ ಕೆಂಪಾಯಿತು, ಕಿಟ್ಟ ಬೂದಿಯಾಗಿ ಉದುರಿತು. ಆರಿದ ಮೇಲೆ ಬ್ರಷ್ಷಿನಿಂದ ಉಜ್ಜಿ ನೀರಲ್ಲಿ ಅದ್ದಿದ. ಇದನ್ನು ಅತಿ ಮಾಡಬಾರದಂತೆ, ಕಾಯಿಸಿದಷ್ಟೂ ತಂತಿ ಹಾಳಾಗುತ್ತದೆ. ಒಳಗೆ ಹತ್ತಿ ಸೇರಿಸಿಯೇ ಮುಚ್ಚಿದ ರೆಡಿಮೇಡ್ ಸುರುಳಿಗಳಿಗೆ ಈ ಉಪಚಾರ ಸಲ್ಲದು, ಹತ್ತಿ ಹೊತ್ತಿಕೊಳ್ಳುತ್ತದೆ. ಅವನ್ನು ಕಾಲಕಾಲಕ್ಕೆ ಬದಲಿಸುವುದೊಂದೇ ದಾರಿ.

ಮುಕ್ಕಾಲು ಗಂಟೆ ಹಿಡಿಯಿತು. ನನಗೆ ಹೊತ್ತು ಹೋದದ್ದು ತಿಳಿಯಲಿಲ್ಲ. ಅವನಿಗೆ ತಿಳಿದಿತ್ತು. "ಇದೊಂದು ರಗಳೆ ಮಾವ. ಪ್ರತಿ ವಾರ ಇದನ್ನ ಎಳೆದು ತೆಗೆದಾಗ ಅನ್ಸತ್ತೆ, ಹತ್ತಿ ವಾರಕ್ಕೆ ಹಿಂಗಾದ್ರೆ ಒಳಗೆ ಹೆಂಗಾಗಿರಬೇಕು ಅಂತ" ಎಂದು ತನ್ನ ಎದೆ ತೋರಿಸಿದ.

"ಮತ್ತೆ ಬಿಡಬಾರದೇನೋ?"

ಅವನು ಕಪಾಟಿನಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದ. ಪ್ರತಿ ಭಾನುವಾರದ ತಾರೀಖು, ಎದುರಿಗೆ ಒಂದು ಅಂಕಿ. 18, 18, 18, ಕೆಲವು ತಿಂಗಳಾದ ಮೇಲೆ 12, ಈಗ 6. ಒಂದು ಮಿಲಿಲೀಟರ್ ದ್ರವದಲ್ಲಿ ಎಷ್ಟು ಮಿಲಿಗ್ರಾಂ ನಿಕೋಟಿನ್ ಎಂಬ ಲೆಕ್ಕ. ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಹತ್ತಿಕೊಂಡ ಸಿಗರೇಟು ದಿನಕ್ಕೆ ಇಪ್ಪತ್ತರವರೆಗೆ ಏರಿತ್ತು. ಮೂರು ಬಾರಿ ಬಿಟ್ಟು ಮೂರು ಬಾರಿ ಹಿಡಿದಿದ್ದ. "ಅಪ್ಪನ ಕೆಮ್ಮು ನೆನಪಾದಾಗಲೂ ಕೈ ಪ್ಯಾಕೆಟ್ಟಿಗೇ ಹೋಗ್ತಿತ್ತು ಮಾವ. ಏನು ಹೇಳ್ಲಿ." ಕೊನೆಗೆ ಅಲ್ಲಿನ ಧೂಮಪಾನ ಬಿಡಿಸುವ ಕೇಂದ್ರವೊಂದರಲ್ಲಿ ಇದನ್ನು ಸೂಚಿಸಿದ್ದರು. ಬಂದು ಹದಿನಾಲ್ಕು ತಿಂಗಳು, ಒಂದೂ ಸಿಗರೇಟು ಹಚ್ಚಿರಲಿಲ್ಲ.

ಇಂಗ್ಲೆಂಡಿನ ಆರೋಗ್ಯ ಇಲಾಖೆ ಹೇಳುವುದರಲ್ಲಿ ಎರಡು ಭಾಗವಿದೆ. ಸಿಗರೇಟು ಸೇದುತ್ತಿರುವ ದೊಡ್ಡವರು ಪೂರ್ತಿಯಾಗಿ ಇದಕ್ಕೆ ಬದಲಾದರೆ ಹಾನಿ ಬಹಳ ಕಡಿಮೆ, ಏಕೆಂದರೆ ಹೊಗೆಯಲ್ಲಿರುವ ಡಾಂಬರು, ಇಂಗಾಲದ ಮೋನಾಕ್ಸೈಡ್ ಇದರಲ್ಲಿಲ್ಲ. ಇದು ಮೊದಲ ಭಾಗ. ಸೇದದವರು, ಅದರಲ್ಲೂ ಮಕ್ಕಳು, ಇದನ್ನು ಮುಟ್ಟಲೇಬಾರದು. ಇದು ಎರಡನೆಯದು. ಅಲ್ಲಿ 2015ರಿಂದ ಹದಿನೆಂಟು ತುಂಬದವರಿಗೆ ಇದನ್ನು ಮಾರುವಂತಿಲ್ಲ. ಜನ ತಮಗೆ ಬೇಕಾದ ಅರ್ಧವನ್ನಷ್ಟೇ ಎತ್ತಿಕೊಂಡು ಹೋಗುತ್ತಾರೆ. ಕಂಪೆನಿಯವರಿಗೆ ಮೊದಲ ಅರ್ಧ ಪ್ರಿಯ, ನಮ್ಮಂಥ ಹಿರಿಯರಿಗೆ ಎರಡನೆಯದು. ಮುಳುಗುತ್ತಿರುವವನಿಗೆ ಹಗ್ಗ ಎಸೆಯುವುದು ಬೇರೆ, ದಡದಲ್ಲಿ ಆಡುತ್ತಿರುವ ಮಗುವಿನ ಕುತ್ತಿಗೆಗೆ ಅದೇ ಹಗ್ಗ ತೊಡಿಸುವುದು ಬೇರೆ ಎಂದು ನನಗೆ ಅಂದು ಅನಿಸಿತು. ಅದು ಎಷ್ಟು ಹತ್ತಿರದ ಮಾತೆಂದು ಆಗ ತಿಳಿದಿರಲಿಲ್ಲ.

ಅವನ ಮಗಳಿಗೆ ಆಗ ಹದಿಮೂರು. ಅವಳ ಕನ್ನಡ ಅರ್ಧ ತೀರ್ಥಹಳ್ಳಿಯದು, ಅರ್ಧ ಲೆಸ್ಟರಿನದು. ಸಂಜೆ ಹೊತ್ತು ನಾವಿಬ್ಬರೂ ಪಾರ್ಕಿನ ತನಕ ನಡೆದು ಹೋಗುತ್ತಿದ್ದೆವು. ಒಂದು ದಿನ ಬಸ್‌ಸ್ಟಾಪಿನ ಹತ್ತಿರ ಕಾರಿನ ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾದ ಗುಲಾಬಿ ಬಣ್ಣದ ಕೊಳವೆಯೊಂದು ಬಿದ್ದಿತ್ತು. ನಾನು ಹೈಲೈಟರ್ ಪೆನ್ನು ಎಂದುಕೊಂಡೆ. ಬಗ್ಗಿ ನೋಡಿದರೆ ಸೀಳಿನಿಂದ ಅದೇ ಕಂದು ಹತ್ತಿ, ಅದೇ ಕರಕಲು, ಕೂದಲೆಳೆಯಂಥ ತಂತಿ, ಪಕ್ಕದಲ್ಲಿ ಬೆರಳಿನಷ್ಟು ಉದ್ದದ ಲಿಥಿಯಂ ಬ್ಯಾಟರಿ.

"ಇದನ್ನ ಹೇಗೆ ಬಿಚ್ಚಿ ತೊಳೀತಾರೆ ಪುಟ್ಟಿ?" ಎಂದು ಕೇಳಿದೆ.

"ತೊಳೆಯಲ್ಲ ಅಜ್ಜ. ಬಿಚ್ಚೋಕೇ ಬರಲ್ಲ. ಮುಗಿದ್ಮೇಲೆ ಬಿಸಾಕೋದು."

ನನ್ನ ತಲೆಯಲ್ಲಿ ಅದೊಂದು ಮಾತು ಕೂತುಬಿಟ್ಟಿತು. ಅಳಿಯನ ಸಾಧನ ವಾರಕ್ಕೊಮ್ಮೆ ತನ್ನ ಹೊಟ್ಟೆ ಬಿಚ್ಚಿ ತೋರಿಸುತ್ತಿತ್ತು. ನೋಡು, ನೀನು ಎಳೆದದ್ದು ಇದರ ಮೂಲಕ ಎಂದು ಕೈಗೆ ಅಂಟಿಸುತ್ತಿತ್ತು. ಈ ಗುಲಾಬಿ ಕೊಳವೆಗೆ ಆ ಪ್ರಾಮಾಣಿಕತೆಯೂ ಇಲ್ಲ. ಒಳಗೆ ಅದೇ ಬತ್ತಿ ಅದೇ ಕರಕಲಾಗುತ್ತದೆ, ಆದರೆ ಹೊರಗೆ ಕೊನೆಯ ದಿನದವರೆಗೂ ಗುಲಾಬಿಯೇ. ಎಳೆಯುವ ಮಗು ಅದನ್ನು ಒಮ್ಮೆಯೂ ನೋಡುವುದಿಲ್ಲ. ಅಲ್ಲಿನ ಕಾನೂನಿನ ಮಿತಿಯೊಳಗೇ ಇದ್ದರೂ ಅದರಲ್ಲಿ 2 ಮಿಲಿಲೀಟರ್ ದ್ರವ, ಮಿಲಿಲೀಟರಿಗೆ 20 ಮಿಲಿಗ್ರಾಂನಂತೆ ಒಟ್ಟು 40 ಮಿಲಿಗ್ರಾಂ ನಿಕೋಟಿನ್. ಅಳಿಯ ವರ್ಷವಿಡೀ ಹೆಣಗಿ ಇಳಿದು ಬಂದ ಮೆಟ್ಟಿಲುಗಳನ್ನು ಈ ಮಕ್ಕಳು ಮೇಲಿನ ತುದಿಯಿಂದಲೇ ಶುರು ಮಾಡುತ್ತಿದ್ದರು.

"ಬಿಸಾಕೋದು ಅಂತ ನಿಂಗೆ ಹೇಗೆ ಗೊತ್ತು?" ಎಂದು ನಾನು ಕೇಳಲಿಲ್ಲ. ಮೂವತ್ತೊಂದು ವರ್ಷ ಮಕ್ಕಳ ಎದುರು ನಿಂತವನಿಗೆ ಕೆಲವು ಪ್ರಶ್ನೆ ಕೇಳದಿದ್ದರೇ ಉತ್ತರ ಬರುತ್ತದೆ ಎಂಬುದು ಗೊತ್ತಿರುತ್ತದೆ. ಪಾರ್ಕಿನ ಬೆಂಚಿನ ಮೇಲೆ ಬಾತುಕೋಳಿಗಳನ್ನು ನೋಡುತ್ತಾ ಕೂತಾಗ ಬಂತು. ಶಾಲೆಯ ಟಾಯ್ಲೆಟ್ಟಿನಲ್ಲಿ ಹುಡುಗಿಯರು ಹಂಚಿಕೊಳ್ಳುತ್ತಾರೆ. ಗೆಳತಿ ಕೊಟ್ಟಾಗ ಬೇಡ ಎನ್ನಲಾಗಲಿಲ್ಲ. ಎರಡು ಸಲ ಎಳೆದದ್ದು, ಎರಡನೆಯ ಸಲ ತಲೆ ತಿರುಗಿ ಕೂತುಬಿಟ್ಟಿದ್ದು. "ಸ್ಟ್ರಾಬೆರಿ ಥರ ಇತ್ತು ಅಜ್ಜ. ಅಪ್ಪಂಗೆ ಹೇಳ್ಬೇಡ."

ಅಮ್ಮನಿಗೆ ಹೇಳಬೇಡಿ ಎಂದು ಅಪ್ಪ, ಅಪ್ಪನಿಗೆ ಹೇಳಬೇಡ ಎಂದು ಮಗಳು. ಅಳಿಯನೂ ಆ ಮೊದಲ ಭಾನುವಾರವೇ ನೋಟ್‌ಬುಕ್ ಮುಚ್ಚುತ್ತಾ ಹಾಗೆಂದಿದ್ದ, ಸೊನ್ನೆಗೆ ಬಂದ ಮೇಲೆ ತಾನೇ ಹೇಳುತ್ತೇನೆ ಎಂದು. ನಾನು ಪುಟ್ಟಿಗೆ ಹೇಳಿದ್ದು ಇಷ್ಟೆ. "ನಾನು ಹೇಳಲ್ಲ. ನೀನೇ ಹೇಳ್ಬೇಕು. ನಿನ್ನ ಪಕ್ಕ ನಾನು ಕೂತಿರ್ತೀನಿ." ನಾಲ್ಕು ದಿನ ತೆಗೆದುಕೊಂಡಳು. ಐದನೆಯ ದಿನ ಊಟವಾದ ಮೇಲೆ ಹೇಳಿದಳು.

ಅಳಿಯ ಕೂಗಾಡುತ್ತಾನೆಂದು ನಾನು ಹೆದರಿದ್ದೆ. ಅವನು ತಟ್ಟೆ ನೋಡುತ್ತಾ ಕೂತ. ಅವನ ಹೆಂಡತಿಯೇ ಮೊದಲು ಮಾತಾಡಿದಳು. "ಮನೇಲಿ ದಿನಾ ನೋಡ್ತಾಳೆ. ಅವಳನ್ನ ಬೈಯೋಕೆ ನಮಗೆ ಯಾವ ಬಾಯಿದೆ?" ಎಂದಳು. ಅವಳು ನರ್ಸು, ಸುತ್ತಿ ಬಳಸಿ ಮಾತಾಡುವವಳಲ್ಲ. ಆ ರಾತ್ರಿ ಗಂಡ ಹೆಂಡತಿ ಬಹಳ ಹೊತ್ತು ಮಾತಾಡುತ್ತಿದ್ದುದು ಮಹಡಿಯ ಕೋಣೆಗೆ ಕೇಳಿಸುತ್ತಿತ್ತು.

ಮುಂದಿನ ಭಾನುವಾರ ಅವನು ಮಗಳನ್ನು ಎಬ್ಬಿಸಿ ಕರೆತಂದು ಮೇಜಿನ ಮುಂದೆ ಕೂರಿಸಿಕೊಂಡ. ಉಪದೇಶವೇನೂ ಮಾಡಲಿಲ್ಲ. ಅವಳ ಕೈಗೂ ಗ್ಲೌಸು ಹಾಕಿ, "ನೀನೇ ತೆಗಿ" ಎಂದು ಚಿಮುಟ ಕೊಟ್ಟ. ಅವಳು ಬತ್ತಿಯನ್ನು ಎಳೆದಳು. ಅರ್ಧ ಬಂದು ಅರ್ಧ ತಂತಿಯಲ್ಲೇ ಅಂಟಿಕೊಂಡಿತು. ಮೂಗು ಮುರಿದು, "ಯಕ್, ಇದು ಸ್ಟ್ರಾಬೆರಿ ಅಲ್ಲ" ಎಂದಳು. "ಅಪ್ಪಂದು ಮ್ಯಾಂಗೋ" ಎಂದ ಅವನು. ನಮಗೆ ಮೂವರಿಗೂ ನಗು ಬಂತು. ನಕ್ಕ ಮೇಲೆ ಅವನು ಹೇಳಿದ, "ನಾನು ನಿಲ್ಲಿಸೋಕೆ ಹನ್ನೊಂದು ವರ್ಷ ಒದ್ದಾಡಿದೀನಿ ಪುಟ್ಟಿ. ನಿಂದು ಎರಡೇ ಸಲ. ನೀನು ನನಗಿಂತ ಮುಂದಿದೀಯ." ಹದಿಹರೆಯದ ಮಿದುಳು ಇನ್ನೂ ಬೆಳೆಯುತ್ತಿರುವಾಗ ನಿಕೋಟಿನ್ ಬಿದ್ದರೆ ಗಮನ, ಕಲಿಕೆ ಎರಡಕ್ಕೂ ಪೆಟ್ಟು, ಚಟವೂ ಬೇಗ ಅಂಟುತ್ತದೆ ಎಂದು ನಾನು ಸೇರಿಸಬೇಕೆಂದಿದ್ದೆ. ಸೇರಿಸಲಿಲ್ಲ. ಬತ್ತಿ ಹೇಳಿಯಾಗಿತ್ತು.

ಇದು ಅಲ್ಲಿನ ಕಥೆ, ನಮಗೇನು ಎನ್ನುವಂತಿಲ್ಲ. ಕರ್ನಾಟಕ 2016ರ ಜೂನ್‌ನಲ್ಲೇ ಇದರ ಮಾರಾಟ ನಿಷೇಧಿಸಿತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರದ ಸುಗ್ರೀವಾಜ್ಞೆ, ಡಿಸೆಂಬರಿನಲ್ಲಿ ಸಂಸತ್ತಿನ ಕಾಯಿದೆ ಬಂದವು. ಮಾರಿದವರಿಗೆ ಮೊದಲ ತಪ್ಪಿಗೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಾಸ್ತಾನು ಇಟ್ಟರೆ ಆರು ತಿಂಗಳು, ಐವತ್ತು ಸಾವಿರ. ಆದರೂ ಕಾಲೇಜುಗಳ ಆಸುಪಾಸಿನಲ್ಲಿ ಕದ್ದು ಮಾರಿ ಸಿಕ್ಕಿಬಿದ್ದವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಕಳ್ಳದಾರಿಯಲ್ಲಿ ಬಂದ ಮಾಲಿಗೆ 20 ಮಿಲಿಗ್ರಾಂ ಎಂಬ ಮಿತಿಯಿಲ್ಲ. ಐದು ಪರ್ಸೆಂಟ್ ಎಂದು ಬರೆದಿದ್ದರೆ ಮಿಲಿಲೀಟರಿಗೆ 50 ಮಿಲಿಗ್ರಾಂ ಎಂದರ್ಥ, ಎರಡೂವರೆ ಪಟ್ಟು. ಒಳಗೆ ಇನ್ನೇನು ಬೆರೆತಿದೆಯೋ ಕೇಳುವವರಿಲ್ಲ. 2019ರಲ್ಲಿ ಅಮೆರಿಕದಲ್ಲಿ ಹೀಗೇ ಕಳ್ಳಪೇಟೆಯ ಗಾಂಜಾ ದ್ರವಕ್ಕೆ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂಥ ವಸ್ತು ಬೆರೆಸಿದ್ದರು. 2020ರ ಫೆಬ್ರುವರಿಯ ಹೊತ್ತಿಗೆ 2,807 ಮಂದಿ ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದ್ದರು ಇಲ್ಲವೇ ಸತ್ತಿದ್ದರು, ಸತ್ತವರೇ 68. ಅವರಲ್ಲಿ ಬಹಳ ಮಂದಿ ಎಳೆಯ ವಯಸ್ಸಿನವರು.

ತಂದೆತಾಯಿಗಳು ನನ್ನನ್ನು ಕೇಳುವುದು, ಗುರುತು ಹಿಡಿಯುವುದು ಹೇಗೆ ಸಾರ್ ಎಂದು. ಪೆನ್‌ಡ್ರೈವ್, ಪೆನ್ನು, ಹೈಲೈಟರ್ ಯಾವ ವೇಷವನ್ನಾದರೂ ಹಾಕುತ್ತದೆ. ಕೋಣೆಯಲ್ಲಿ ಹಣ್ಣಿನ, ಪುದೀನದ ವಾಸನೆ, ಕಾರಣವಿಲ್ಲದ ಗಂಟಲ ಕೆರೆತ, ಬಾಯಾರಿಕೆ ಕಂಡರೆ ಗಮನಿಸಿ. ಸಿಕ್ಕಿದರೆ ಒಡೆದು ನೋಡಲು ಹೋಗಬೇಡಿ, ಒಳಗಿನ ಬ್ಯಾಟರಿ ಹೊತ್ತಿಕೊಳ್ಳಬಹುದು. ಇಷ್ಟು ಹೇಳಬಲ್ಲೆ. ಆದರೆ ಚೀಲ ತಡಕಿ ಹಿಡಿದದ್ದಕ್ಕೂ ಬೆಂಚಿನ ಮೇಲೆ ಕೂತಾಗ ತಾನಾಗಿ ಬಂದ ಮಾತಿಗೂ ವ್ಯತ್ಯಾಸವಿದೆ ಎಂಬುದನ್ನು ಮೇಷ್ಟರ ಕೆಲಸದಲ್ಲೂ ಕಂಡಿದ್ದೇನೆ.

ಊರಿಗೆ ವಾಪಸು ಬಂದ ದಿನ ಅಕ್ಕ ಕಾಯುತ್ತಿದ್ದಳು. ಅಳಿಯನ ಒಪ್ಪಿಗೆ ಪಡೆದೇ ಬಂದಿದ್ದೆ. ಸಿಗರೇಟು ಬಿಟ್ಟಿದ್ದಾನೆ, ಅದರ ಬದಲು ಹೀಗೊಂದು ಇದೆ, ಅದನ್ನೂ ಇಳಿಸುತ್ತಿದ್ದಾನೆ ಎಂದು ಬಿಡಿಸಿ ಹೇಳಿದೆ. ಪುಟ್ಟಿಯ ವಿಷಯ ಅವಳದು, ಅದನ್ನು ಎತ್ತಲಿಲ್ಲ. ಅಕ್ಕ ಎಲ್ಲ ಕೇಳಿ, "ಅದನ್ನ ತೊಳೆಯೋರು ಯಾರು?" ಎಂದಳು. ಅವನೇ ಎಂದೆ. "ಕೈಗೆ ಏನಾದ್ರೂ ಹಾಕ್ಕೊತಾನಾ?" ಹಾಕಿಕೊಳ್ಳುತ್ತಾನೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನು ಕೈಗೆತ್ತಿಕೊಂಡಳು. ತಾಯಿ ಮಗ ಏನು ಮಾತಾಡಿದರೋ, ನಾನು ಅಷ್ಟರಲ್ಲಿ ಎದ್ದು ತೋಟದ ಕಡೆ ಹೋಗಿದ್ದೆ.

ಆ ಡಿಸೆಂಬರಿನಲ್ಲಿ ಅವನು ಊರಿಗೆ ಬಂದಾಗ ಸಾಧನವನ್ನು ಅಲ್ಲೇ ಬಿಟ್ಟು ಬಂದಿದ್ದ, ಇಲ್ಲಿಗೆ ತರುವಂತಿರಲಿಲ್ಲವಲ್ಲ. ಮೂರು ವಾರ ನಿಕೋಟಿನ್ ಚೂಯಿಂಗ್ ಗಮ್ ಅಗಿಯುತ್ತಾ ಎಲ್ಲರ ಮೇಲೂ ರೇಗಾಡಿದ. ಭಾವನ ಶ್ರಾದ್ಧದ ದಿನವಂತೂ ಅಡಿಗೆ ಭಟ್ಟರ ಜೊತೆ ಜಗಳವೇ ಆಯಿತು. ಅಕ್ಕ ಮಾತ್ರ ಆ ಮೂರು ವಾರ ಬಹಳ ಗೆಲುವಾಗಿದ್ದಳು. ನೋಟ್‌ಬುಕ್ಕಿನಲ್ಲಿ 6 ಹೋಗಿ 3 ಆದದ್ದು 2024ರ ಫೆಬ್ರುವರಿಯಲ್ಲಿ, ಸೊನ್ನೆಯಾದದ್ದು ಅದೇ ವರ್ಷದ ಆಗಸ್ಟಿನಲ್ಲಿ. ಸೊನ್ನೆಯ ಬಾಟಲಿಯನ್ನೂ ಎರಡು ತಿಂಗಳು ಎಳೆದನಂತೆ. ಆಮೇಲೊಂದು ಭಾನುವಾರ ತೊಳೆಯುವುದಕ್ಕೇ ಬೇಸರ ಬಂದು ಮೇಜಿನ ಖಾನೆಗೆ ಹಾಕಿದವನು ಮತ್ತೆ ತೆಗೆಯಲಿಲ್ಲ.

2025ರ ಜೂನ್ 1ರಿಂದ ಬ್ರಿಟನ್ನಿನಲ್ಲಿ ಆ ಬಿಸಾಡುವ ಕೊಳವೆಗಳ ಮಾರಾಟ ನಿಷೇಧವಾಯಿತು. ಸುದ್ದಿ ಹೇಳಲು ಪುಟ್ಟಿಯೇ ಫೋನು ಮಾಡಿದ್ದಳು. ಅಂಗಡಿಯವರು ಈಗ ಅದೇ ಗುಲಾಬಿ ಕೊಳವೆಗೆ ಚಾರ್ಜ್ ಮಾಡುವ ತೂತು, ಬದಲಿಸುವ ತೊಟ್ಟಿ ಇಟ್ಟು ಮಾರುತ್ತಿದ್ದಾರೆ ಎಂದೂ ಹೇಳಿದಳು. ಮಾತಿನ ನಡುವೆ, ಅಪ್ಪನ ಖಾನೆಯಲ್ಲಿರುವ ಬ್ಯಾಟರಿ ತನ್ನ ಶಾಲೆಯ ಕ್ಯಾಂಪಿನ ಟಾರ್ಚಿಗೆ ಆಗುತ್ತದೆಯೇ ಎಂದು ಕೇಳಿದಳು. ಅಳತೆ ಎಷ್ಟೆಂದು ಕೇಳಿದೆ. ಮೈಮೇಲೆ 18650 ಎಂದು ಬರೆದಿದೆ, ಟಾರ್ಚಿನ ಮೇಲೂ ಅದೇ ಇದೆ ಎಂದಳು. ಹೊದಿಕೆ ಹರಿದಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ ಆಮೇಲೆ ಹಾಕು ಎಂದೆ.